ಕಾಲು ಬಂದ ಕ್ಯಾರೆಟ್ಟು

ಕೈಗೆ ಸಿಕ್ಕಿದ್ದನ್ನು ಬಿಸಾಡುವುದು ನನ್ನಿಂದ ಆಗದ ಕೆಲಸ. ಓದಿದ್ದು ಮೂರನೇ ಕ್ಲಾಸು. ಅಲ್ಲಿ ಕಲಿತ ಅಕ್ಷರವನ್ನೂ ಬಿಸಾಡಿಲ್ಲ, ಅದರಲ್ಲೇ ಇದನ್ನು ಬರೆಯುತ್ತಿದ್ದೀನಿ. ಕುಕ್ಕರಿನ ಸವೆದ ಗ್ಯಾಸ್ಕೆಟ್ಟು ಅಡುಗೆಮನೆ ಮೊಳೆಯಲ್ಲಿ ಇನ್ನೂ ನೇತಾಡುತ್ತಿದೆ. ನಮ್ಮ ಯಜಮಾನರು ಹೋಗಿ ಆರು ವರ್ಷವಾಯಿತು, ಅವರ ಕನ್ನಡಕ ಹಾಗೇ ಇಟ್ಟುಕೊಂಡಿದ್ದೀನಿ. ಪ್ರೀತಿಗೆ ಅಂದುಕೊಳ್ಳಬೇಡಿ. ಅಕ್ಕಿಯಲ್ಲಿ ಕಲ್ಲು ಆರಿಸಲು ನನ್ನ ಕಣ್ಣಿಗೆ ಅದು ಸರಿಹೋಗುತ್ತದೆ. ಈ ಗುಣದಿಂದಲೇ ನಾನು ಮೇಲಿನ ಮನೆಯ ಬಾಡಿಗೆ ಹುಡುಗಿ ಮುಂದೆ ಸೋತದ್ದು.

ವಸಂತಪುರದಲ್ಲಿ ನಮ್ಮ ಮನೆ ಇರುವ ಜಾಗದಲ್ಲಿ ಮೊದಲು ಮೂಲಂಗಿ ಬೆಳೆಯುತ್ತಿದ್ದೆವು. ಈಗ ಮೂರು ಅಂತಸ್ತು ಬೆಳೆದಿದೆ. ಕಳೆ ಕೀಳಬೇಕಾಗಿಲ್ಲ, ಹುಳ ಬೀಳುವುದಿಲ್ಲ, ಒಳ್ಳೆ ಬೆಳೆ. ಮೂರನೇ ಅಂತಸ್ತಿನಲ್ಲಿ ದಿವ್ಯ ಅಂತ ಹುಡುಗಿ, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಒಂದು ಭಾನುವಾರ ನಾನು ಸಂಡಿಗೆ ಒಣಗಿಸಲು ಟೆರೇಸಿಗೆ ಹೋದರೆ, ನನ್ನ ಬಿಸಿಲಿನ ಜಾಗದಲ್ಲಿ ಎರಡು ಪೇಂಟ್ ಬಕೆಟ್ ಇಟ್ಟುಕೊಂಡು ಕೂತಿದ್ದಾಳೆ.

"ಏನಮ್ಮ ಇದು?"

"ಕ್ಯಾರೆಟ್ ಬೆಳೀತೀನಿ ಅಜ್ಜಿ. ಫೋನಲ್ಲಿ ನೋಡಿ ಕಲ್ತೆ."

"ಹಂಗಾದ್ರೆ ಫೋನಲ್ಲೇ ಬೇಯಿಸ್ಕೊಂಡು ತಿನ್ನು."

ಅವಳು ನಕ್ಕಳೇ ಹೊರತು ಬಕೆಟ್ ಎತ್ತಲಿಲ್ಲ. ತಳಕ್ಕೆ ತೂತು ಹೊಡೆದಳು. ಕೆಮ್ಮಣ್ಣು, ಮರಳು, ತೆಂಗಿನ ನಾರಿನ ಪುಡಿ, ಹಳೇ ಗೊಬ್ಬರ ಎಲ್ಲ ಬೆರೆಸಿ, ರಾಗಿ ಹಿಟ್ಟಿನ ಹಾಗೆ ಜರಡಿ ಹಿಡಿದು ಕುತ್ತಿಗೆವರೆಗೆ ತುಂಬಿದಳು. ಬೀಜ ಉದುರಿಸಿ, ಮೇಲೊಂದು ಚಿಟಿಕೆ ಮಣ್ಣು ಹಾಕಿ, ಒದ್ದೆ ಗೋಣಿ ಹೊದಿಸಿದಳು. ಹಸುಗೂಸಿಗೂ ಇಷ್ಟು ಮಾಡುವುದಿಲ್ಲ. ಹತ್ತು ಹನ್ನೆರಡು ದಿನಕ್ಕೆ ಕೂದಲಿನ ಹಾಗೆ ಒತ್ತಾಗಿ ಹುಟ್ಟಿತು. ಇನ್ನೊಂದೆರಡು ವಾರ ಬಿಟ್ಟು ನೋಡಿದರೆ, ಕೂತು ಒಂದೊಂದೇ ಪೈರು ಕಿತ್ತು ಕಸದ ಕವರಿಗೆ ಹಾಕುತ್ತಿದ್ದಾಳೆ!

"ಬದುಕಿರೋದನ್ನ ಕೀಳ್ತೀಯಲ್ಲೇ!"

"ಎರಡೆರಡು ಬೆರಳು ಜಾಗ ಬಿಡದಿದ್ರೆ ಗೆಡ್ಡೆ ದಪ್ಪ ಆಗಲ್ಲ ಅಜ್ಜಿ."

ಅವಳ ಕಸುಬೇ ಅದು. ಬೆಳಗಿಂದ ಊರವರ ಹುಬ್ಬು ಕೀಳುವುದು, ಸಂಜೆ ಬಂದು ಇದು. ನಾನು ಅವಳ ಕೈಯಿಂದ ಕವರು ಕಿತ್ತುಕೊಂಡೆ. "ನೀನು ಬಿಸಾಡಿದ್ದನ್ನೇ ಬೆಳೆದು ತೋರಿಸ್ತೀನಿ. ನನ್ನದು ಚೆನ್ನಾಗಿ ಬಂದ್ರೆ ನಿನ್ನ ಬಕೆಟ್ ಕೆಳಗಿಳಿಬೇಕು, ಟೆರೇಸು ಪೂರ್ತಿ ನನ್ನ ಸಂಡಿಗೆಗೆ. ನಿನ್ನದು ಚೆನ್ನಾಗಿ ಬಂದ್ರೆ ಎಷ್ಟು ಬೇಕಾದ್ರೂ ಇಟ್ಕೊ." ತೀರ್ಪು ಹೇಳುವುದಕ್ಕೆ ನನ್ನ ಸೊಸೆ ಮಂಜುಳ ಅಂತಾಯಿತು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಎದುರಾಡಿದವಳಲ್ಲ. ಅವಳಿಗಿಂತ ನ್ಯಾಯವಂತೆ ಎಲ್ಲಿ ಸಿಗುತ್ತಾಳೆ?

ಪಕ್ಕದ ಸೈಟಿನಲ್ಲಿ ಪಾಯ ತೆಗೆದ ಮಣ್ಣು ತಂದೆ, ಕಲ್ಲು ಸಮೇತ. ಹಿಂದಿನ ಬೀದಿ ಹಸುವಿನ ಹಸೀ ಸಗಣಿ ಕಲಸಿ, ಬಿಸಾಡದೆ ಇಟ್ಟಿದ್ದ ಒಡಕು ಟಬ್ಬಿಗೆ ತುಂಬಿದೆ. ಪೈರನ್ನು ಸಾಲಾಗಿ ನಾಟಿ ಹಾಕಿದೆ. ಅರ್ಧ ಬಾಡಿತು, ಉಳಿದದ್ದು ಎದ್ದು ನಿಂತಿತು ನೋಡಿ! ಸೊಪ್ಪು ಅವಳದಕ್ಕಿಂತ ಗೇಣುದ್ದ ಮೇಲೆ. ದಿನಾ ಅವಳಿಗೆ ಕೇಳುವ ಹಾಗೆ, "ಮಣ್ಣಿನ ಕೈ ಬೇರೆ, ಫೋನಿನ ಕೈ ಬೇರೆ" ಅಂದುಕೊಂಡು ಓಡಾಡಿದೆ.

ಮೂರು ತಿಂಗಳು ತುಂಬಿದ ಮೇಲೆ ಕಿತ್ತೆವು. ಅವಳದು ನಡುಬೆರಳಿನಷ್ಟು ಉದ್ದ, ನೆಟ್ಟಗೆ, ಕೆಂಪಗೆ. ನಾನು ಸೆರಗು ಸಿಕ್ಕಿಸಿಕೊಂಡು ನನ್ನದಕ್ಕೆ ಕೈ ಹಾಕಿದೆ. ಮೊದಲನೆಯದಕ್ಕೆ ಎರಡು ಕಾಲು. ಎರಡನೆಯದಕ್ಕೆ ಮೂರು. ಇನ್ನೊಂದು ಚಕ್ಕಳಮಕ್ಕಳ ಹಾಕಿ ಕೂತಿತ್ತು. ಎಲ್ಲದಕ್ಕೂ ಮೈತುಂಬ ಕೂದಲು.

"ಅಜ್ಜಿ, ಇವನ್ನ ನಮ್ಮ ಪಾರ್ಲರಿಗೆ ಕಳಿಸಿ, ವ್ಯಾಕ್ಸಿಂಗ್ ಮಾಡ್ಕೊಡ್ತೀನಿ" ಅಂದಳು ದಿವ್ಯ.

"ಚಂದ ಏನು ನೋಡ್ತೀಯ, ತೂಕ ನೋಡು" ಅಂದೆ.

ಆಗ ಮಂಜುಳ ಬಾಯಿ ಬಿಟ್ಟಳು. "ಅತ್ತೆ, ಒಂದು ಮಾತು. ನಿಮ್ಮ ಹೊಲದಲ್ಲಿ ಮೂಲಂಗಿ ಪೈರು ಕಿತ್ತು ನಾಟಿ ಹಾಕ್ತಿದ್ರಾ?"

ಹಾಕುತ್ತಿರಲಿಲ್ಲ. ರಾಗಿ ನಾಟಿ ಹಾಕಬಹುದು, ಬದನೆ ಹಾಕಬಹುದು. ಗೆಡ್ಡೆ ಬೆಳೆಗೆ ಬೇರಿನ ತುದಿ ಮುರಿದರೆ ಕವಲೊಡೆಯುತ್ತದೆ, ಕಲ್ಲು ತಗುಲಿದರೂ ಅಷ್ಟೆ; ಹಸೀ ಸಗಣಿ ಬಿದ್ದರೆ ಸೊಪ್ಪು ಏಳುತ್ತದೆ, ಗೆಡ್ಡೆಗೆ ಕೂದಲು ಬರುತ್ತದೆ. ನಮ್ಮ ಕಡೆ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಕಸದ ಕವರು ಕಂಡಾಗ ಮಾತ್ರ ಮರೆತುಹೋಗಿತ್ತು.

"ಇಲ್ಲ" ಅಂದೆ.

"ಹಂಗಾದ್ರೆ ದಿವ್ಯನೇ ಗೆದ್ದಿದ್ದು." ಇಪ್ಪತ್ತೆರಡು ವರ್ಷ ಈ ಒಂದು ಮಾತಿಗೇ ಕಾದಿದ್ದಳು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸಾರಿಗೆ ಕಾಲು ಬಂದ ನನ್ನ ಕ್ಯಾರೆಟ್ಟನ್ನೇ ಹೆಚ್ಚಿ ಹಾಕಿದಳು. ಹೆಚ್ಚುವಾಗ ಸಿಪ್ಪೆಯೇ ಜಾಸ್ತಿ ಹೋಯಿತಂತೆ, ಅದನ್ನೂ ಹೇಳಿದಳು.

ಈಗ ಟೆರೇಸಿನಲ್ಲಿ ಆರು ಬಕೆಟ್ಟಿದೆ. ನನ್ನ ಸಂಡಿಗೆ ಅವುಗಳ ಸಂದಿಯಲ್ಲಿ ಒಣಗುತ್ತದೆ. ಹೋದ ವಾರ ದಿವ್ಯನಿಗೆ ಕೆಲಸಕ್ಕೆ ಹೊತ್ತಾಗಿತ್ತು. "ಅಜ್ಜಿ, ಎರಡು ಬೆರಳು ಜಾಗ ಬಿಟ್ಟು ನೀವೇ ಕಿತ್ಬಿಡಿ, ಕಿತ್ತಿದ್ದನ್ನ ಬಿಸಾಡಿ" ಅಂತ ಹೇಳಿ ಓಡಿದಳು. ಅಚ್ಚುಕಟ್ಟಾಗಿ ಕಿತ್ತೆ. ಸಂಜೆ ಬಂದು, "ಬಿಸಾಡಿದ್ರಾ?" ಅಂದಳು. "ಹೂಂ" ಅಂದೆ.

ನೀರಿನ ಟ್ಯಾಂಕಿನ ಹಿಂದಕ್ಕೆ ಯಾರೂ ಹೋಗುವುದಿಲ್ಲ. ಅಲ್ಲೊಂದು ಹಳೇ ಬಕೆಟ್ಟಿದೆ. ಈ ಸಲ ಮಣ್ಣು ಜರಡಿ ಹಿಡಿದಿದ್ದೀನಿ, ಸಗಣಿ ಹಾಕಿಲ್ಲ. ಕಾಲು ಎರಡಕ್ಕೇ ನಿಂತರೆ ಸಾಕು.