ಶಿವರಾತ್ರಿಯೊಳಗೆ ನಾಲ್ಕು ಫ್ಲಾನೆಲ್ ಕೌದಿ

ಚಳಿ ಹೊರಡೋಕೆ ಅಂತ ಚಪ್ಪಲಿ ಹಾಕ್ಕೊಂಡ ಮೇಲೇನೇ ನಮ್ಮೂರೋರಿಗೆ ಚಳಿ ಆಗೋದು. ಡಿಸೆಂಬರ್‌ನಲ್ಲಿ ಗಡಗಡ ನಡುಗ್ತಾ ಇರ್ತಾರೆ, ಒಬ್ಬರೂ ನನ್ನ ಕಡೆ ತಿರುಗಿ ನೋಡಲ್ಲ. ಸಂಕ್ರಾಂತಿ ಎಳ್ಳುಬೆಲ್ಲ ತಿಂದು ಕೈ ಒರೆಸ್ಕೊಂಡು, "ಒಂದು ಕೌದಿ ಬೇಕಿತ್ತಲ್ಲ ಮಾರಾಯ, ಅರ್ಜೆಂಟು" ಅಂತ ಬರ್ತಾರೆ. ಪ್ರತಿ ವರ್ಷ ಇದೇ ಗೋಳು.

ನಾನು ಇಂಜಿನಿಯರಿಂಗ್ ಅರ್ಧಕ್ಕೇ ಬಿಟ್ಟು, ವಿನೋಬನಗರದ ಮನೇಲಿ ಅಮ್ಮನ ಹೊಲಿಗೆ ಮಿಷನ್ ಮುಂದೆ ಕೂತವನು. ಎಳೆ ಮಕ್ಕಳಿಗೆ ಸುತ್ತೋ ಮೆತ್ತನೆ ಫ್ಲಾನೆಲ್ ಬಟ್ಟೆ ಇದ್ಯಲ್ಲ, ಅದರಲ್ಲಿ ಕೌದಿ ಹೊಲೀತೀನಿ. ಅಪ್ಪ ಸೈನ್ಸ್ ಮೇಷ್ಟ್ರು. ದೇವರನ್ನೂ ಪ್ರೂಫ್ ಕೇಳೋ ಮನುಷ್ಯ. ಈ ಸಲ ನಾಲ್ಕು ಕೌದಿ ಆರ್ಡರಿನ ಬಟ್ಟೆ ಒಟ್ಟಿಗೆ ಹಾಲ್ ತುಂಬ ಹರಡಿರೋದು ನೋಡಿ, ಹೆರಿಗೆಗೆ ಅಂತ ಮನೆಗೆ ಬಂದಿದ್ದ ಅಕ್ಕನ ಎದುರಿಗೇ ಹೇಳಿದ್ರು:

"ಶಿವರಾತ್ರಿ ಸಂಜೆಯೊಳಗೆ ಇವು ನಾಲ್ಕೂ ಮನೆ ಬಿಟ್ಟು ಹೋದ್ರೆ ನಾನು ಕಾಲೇಜು ಅನ್ನೋ ಮಾತೇ ಎತ್ತಲ್ಲ. ಒಂದೇ ಒಂದು ಉಳಿದ್ರೂ ನೀನು ವಾಪಸ್ ಕಾಲೇಜಿಗೆ."

"ಡನ್," ಅಂದೆ. ಗಿರಾಕಿಗಳನ್ನ ನಂಬಿ ಬೆಟ್ ಕಟ್ಟಿದ ದಡ್ಡ ಈ ಜಿಲ್ಲೇಲಿ ನಾನೊಬ್ಬನೇ ಇರ್ಬೇಕು.

೧. ಕರೆಕ್ಟ್ ಆರಡಿ

ಮೊದಲನೇದು ಭದ್ರಾವತಿ ಓಲ್ಡ್ ಟೌನ್‌ನ ಒಬ್ಬರು ರಿಟೈರ್ಡ್ ಫೋರ್‌ಮನ್‌ದು. ಟೇಪು ಅವರೇ ತಂದಿದ್ರು.

"ಕರೆಕ್ಟ್ ಆರಡಿ ಇರ್ಬೇಕಪ್ಪ. ಅರ್ಧ ಇಂಚು ಕಮ್ಮಿ ಆದ್ರೂ ರಿಜೆಕ್ಟ್."

"ಅಂಕಲ್, ಫ್ಲಾನೆಲ್ ಕುಗ್ಗುತ್ತೆ. ಮೊದ್ಲು ನೆನೆಸಿ, ಒಣಗಿಸಿ, ಆಮೇಲೆ ಹೊಲೀಬೇಕು."

"ಹೊಸ ಬಟ್ಟೆ ನೆನೆಸಿ ಹಳೇದು ಮಾಡ್ತೀಯಾ? ಫ್ಯಾಕ್ಟ್ರೀಲಿ ನಿನ್ನಂಥೋರನ್ನ ಎಷ್ಟು ಜನ ನೋಡಿಲ್ಲ ನಾನು!"

ಸರಿ, ನೆನೆಸದೇ ಹೊಲಿದು ಕೊಟ್ಟೆ. ನಾಲ್ಕೂ ಕಡೆ ಅಳೆದು ಪಾಸ್ ಮಾಡಿದ್ರು. ವಾರಕ್ಕೆ ಫೋನು. ಹೆಂಡ್ತಿ ಬಿಸಿನೀರಲ್ಲಿ ಒಗೆದಿದ್ದಾರೆ. ಈಗ ಮುಖ ಮುಚ್ಚಿದ್ರೆ ಮಂಡಿ ಹೊರಗೆ, ಮಂಡಿ ಮುಚ್ಚಿದ್ರೆ ಮುಖ ಹೊರಗೆ.

"ಏನಪ್ಪಾ ಇದು? ವಾಪಸ್ ತಗೋ!"

ವಾಪಸ್ ಬಂದ್ರೆ ಕಾಲೇಜು! ಅಷ್ಟರಲ್ಲಿ ಅವರ ಹೆಂಡ್ತಿ ಫೋನ್ ಕಿತ್ಕೊಂಡ್ರು. "ಕೊಡಲ್ಲ ಕಣಪ್ಪ. ಮದುವೆ ಆದಾಗಿಂದ ನನ್ನ ರಗ್ಗು ಎಳ್ಕೊಂಡೇ ಮಲಗಿದ್ದಾರೆ ಈ ಮನುಷ್ಯ. ಈಗ ಇದು ನನಗೆ ಕರೆಕ್ಟ್ ಸೈಜು!"

೨. ಸೆಕೆ ಆಗದ ಕೌದಿ

ಎರಡನೇದು ನಮ್ಮ ಹಿಂದಿನ ಕ್ರಾಸಿನ ಬ್ಯಾಂಕ್ ಮೇಡಂದು. ದಿನಾ ಸಂಜೆ ವಾಕಿಂಗ್ ಮುಗಿಸಿ, "ಎಲ್ಲಿಗೆ ಬಂತು?" ಅಂತ ಬರೋರು. ಬಿಳಿ ಬೇಡ, ಹೆಣಕ್ಕೆ ಹೊದಿಸಿದಂಗೆ ಇರುತ್ತೆ. ಕಪ್ಪು ಬೇಡ, ಶನಿ. ಹಸಿರು ಬೇಡ, ನಾದಿನಿ ಹತ್ರ ಇದೆ.

ಕೊನೆಗೆ ಇನ್ನೊಂದು ಶುರು ಮಾಡಿದ್ರು. "ಚಳಿ ಆಗ್ಬಾರ್ದು. ಆದ್ರೆ ಸೆಕೇನೂ ಆಗ್ಬಾರ್ದು. ನಾವು ಫ್ಯಾನ್ ಹಾಕ್ಕೊಂಡೇ ಮಲಗೋದು."

"ಮೇಡಂ, ಫ್ಯಾನ್ ಆರಿಸಿದ್ರೆ ಕೌದೀನೇ ಬೇಡ್ವಲ್ಲ?"

"ಫ್ಯಾನ್ ಇಲ್ದೆ ನಿದ್ದೆ ಬರಲ್ಲಪ್ಪ."

ಅಂತೂ ತಗೊಂಡ್ರು. ಮೊನ್ನೆ ಸಿಕ್ಕಾಗ ಕೇಳಿದೆ, "ಹೊದ್ಕೊಂಡ್ರಾ ಮೇಡಂ?"

"ಅಯ್ಯೋ, ಹೊದ್ಕೊಂಡ್ರೆ ಹಾಳಾಗಲ್ವಾ? ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಲ್ಲಿ ಇಟ್ಟಿದ್ದೀನಿ." ಈಗ ಆ ಮನೇಲಿ ಬೆಚ್ಚಗಿರೋದು ಬೀರು ಒಂದೇ.

೩. ಎವಿಡೆನ್ಸು

ಮೂರನೇದು ನವುಲೆ ಕಡೆಯ ಒಂದು ಹಾಸ್ಟೆಲ್ ಹುಡುಗರದು. ಒಂದು ರೂಮಿನೋರೆಲ್ಲ ಸೇರಿ ಒಂದೇ ಕೌದಿ. "ಬಟ್ಟೆ ನಾವೇ ತರ್ತೀವಿ ಗುರು" ಅಂತ ಹಳೇ ಶರ್ಟು ರಾಶಿ ಸುರಿದ್ರು. ಅದರಲ್ಲಿ ಒಂದು ಕೆಂಪು ಚೆಕ್ಸ್ ಫ್ಲಾನೆಲ್ ಶರ್ಟು, ಫಸ್ಟ್ ಕ್ಲಾಸಾಗಿತ್ತು. ಜೇಬಿನ ಸಮೇತ ಅದನ್ನ ನಟ್ಟನಡುವೆ ಕೂರಿಸಿದೆ.

ಕೊಡೋಕೆ ಹೋದ್ರೆ ಗೇಟಲ್ಲಿ ವಾರ್ಡನ್ನು. "ಏನದು? ಬಿಚ್ಚು." ಬಿಚ್ಚಿದೆ. ವಾರ್ಡನ್ ಕಣ್ಣು ನಡುವೆ ನಿಂತ್ಬಿಡ್ತು.

"ಒಣಹಾಕಿದ್ದ ತಂತಿ ಮೇಲಿಂದ ಮಾಯವಾಗಿದ್ದ ನನ್ನ ಶರ್ಟು!"

"ಸಾರ್, ಆ ಥರ ಚೆಕ್ಸ್ ಎಲ್ಲರ ಹತ್ರಾನೂ ಇರುತ್ತೆ," ಅಂದ ಕೌದಿ ತಗೊಳ್ಳೋಕೆ ಬಂದಿದ್ದ ಹುಡುಗ ಒಬ್ಬ.

ವಾರ್ಡನ್ ಜೇಬಿಗೆ ಕೈ ಹಾಕಿ ಹೊರಗೆ ತೆಗೆದ್ರು: ಹಲ್ಲು ಮುರಿದ ಅವರ ಬಾಚಣಿಗೆ. "ಇದೂ ಎಲ್ಲರ ಹತ್ರ ಇರುತ್ತೇನೋ?"

ಎವಿಡೆನ್ಸು ಅಂತ ಕೌದಿ ಜಪ್ತಿ ಆಯ್ತು. ಮಾರನೇ ಬೆಳಿಗ್ಗೆ ಹುಡುಗರು ಕಿಟಕೀಲಿ ಇಣುಕಿದ್ರೆ, ಎವಿಡೆನ್ಸಿನೊಳಗೆ ವಾರ್ಡನ್ನು ಗೊರಕೆ ಹೊಡೀತಾ ಇದ್ರಂತೆ.

೪. ಒಂದು ಸೈಡು ಬಿಡು

ಉಳಿದಿದ್ದು ಭದ್ರಾವತಿ ನ್ಯೂ ಟೌನ್‌ನ ಒಬ್ಬರು ಅಜ್ಜಿಯ ಆರ್ಡರು. ಮಗಳಿಗೆ ದಿನ ತುಂಬಿದೆ, ಮಗೂಗೆ ಪುಟ್ಟ ಕೌದಿ ಬೇಕು. ಆದ್ರೆ ಮಗು ಹುಟ್ಟೋಕೆ ಮುಂಚೆ ಅದಕ್ಕೆ ಅಂತ ಏನೂ ಹೊಲಿದು ಇಡಬಾರದಂತೆ.

"ಹೊಲಿ, ಆದ್ರೆ ಹೊಲಿದಂಗೆ ಇರಬಾರದು," ಅಂದ್ರು ಅಜ್ಜಿ. "ಮೂರು ಸೈಡು ಹೊಲಿ, ಒಂದು ಬಿಟ್ಟುಬಿಡು. ಆಗ ಅದು ಕೌದಿ ಅಲ್ಲ, ಚೀಲ."

ಆಯ್ತು ಅಂದೆ. ಆದ್ರೆ ನಾಲ್ಕು ಕೌದಿ ಗಡಿಬಿಡೀಲಿ ಕಾಲು ಮಿಷನ್ ತುಳೀತಾ ಇತ್ತು, ತಲೆ ಕಾಲೇಜಲ್ಲಿತ್ತು. ನಾಲ್ಕನೇ ಸೈಡೂ ಟಪಟಪ ಮುಚ್ಚಿಹೋಯ್ತು.

ಶಿವರಾತ್ರಿ ಹಿಂದಿನ ದಿನ ಅಜ್ಜಿ ಫೋನು. "ಡಾಕ್ಟರ್ ಕೊಟ್ಟ ಡೇಟ್ ದಾಟಿ ಹೋಯ್ತು, ಮಗು ಹೊರಗೆ ಬರಲ್ಲ ಅಂತ ಕೂತಿದೆ. ನಿಜ ಹೇಳು, ಆ ನಾಲ್ಕನೇ ಸೈಡು ಮುಚ್ಚಿಬಿಟ್ಯಾ?"

"ಛೆ, ಇಲ್ಲ ಅಜ್ಜಿ!" ಫೋನು ಭುಜಕ್ಕೂ ಕಿವಿಗೂ ನಡುವೆ, ಕೈಯಲ್ಲಿ ಬ್ಲೇಡು. ಪರಪರ ಬಿಚ್ಚಿದೆ.

ಅಪ್ಪ ಬಿದ್ದು ಬಿದ್ದು ನಕ್ಕರು. "ಗರ್ಭಕೋಶಕ್ಕೂ ನಿನ್ನ ಕೌದಿಗೂ ಯಾವ ನರ ಕನೆಕ್ಷನ್ನೋ? ಇದಕ್ಕೇ ಓದ್ಬೇಕು ಅನ್ನೋದು."

ಮಧ್ಯಾಹ್ನದ ಊಟ ಆಗಿರ್ಲಿಲ್ಲ, ಮತ್ತೆ ಫೋನು. "ಹೆಣ್ಣು ಮಗು! ಸುಖವಾಗಿ ಆಯ್ತು! ನೀನು ಬಿಚ್ಚಿದ್ದು ಗೊತ್ತಾಯ್ತು ಬಿಡೋ, ಪರ್ ಅಂದಿದ್ದು ಫೋನಲ್ಲೇ ಕೇಳಿಸ್ತು!"

ನಾನು ಕುಣಿದುಬಿಟ್ಟೆ. "ಅಜ್ಜಿ, ಹೊಲಿದು ನಾಳೆ ಬೆಳಿಗ್ಗೇನೇ ತರ್ತೀನಿ!"

"ನಾಳೇನಾ? ಪುರುಡು ಕಣೋ! ಹನ್ನೊಂದು ದಿನ ಕಳೀಲಿ, ಹೊಸದು ಏನೂ ಮನೆಯೊಳಗೆ ತರಂಗಿಲ್ಲ."

ಹುಟ್ಟೋಕೆ ಮುಂಚೆ ಹೊಲಿಯಂಗಿಲ್ಲ, ಹುಟ್ಟಿದ ಮೇಲೆ ಕೊಡಂಗಿಲ್ಲ. ಶಿವರಾತ್ರಿ ಸಂಜೆ ಹಾಲ್‌ನಲ್ಲಿ ಒಂದು ಸೈಡು ಬಾಯಿ ಬಿಟ್ಕೊಂಡು ಪುಟ್ಟ ಕೌದಿ ಬಿದ್ದಿತ್ತು. ನನ್ನ ಬಾಯೂ ಹಾಗೇ ಇತ್ತು. ಅಪ್ಪ ಮನೆಯೋರ ಬಲವಂತದ ಉಪವಾಸದಲ್ಲೂ ಹೋಳಿಗೆ ತಿಂದೋರ ಥರ ಹೇಳಿದ್ರು, "ಸೋಮವಾರ ಕಾಲೇಜು. ನಾನೇ ಗಾಡೀಲಿ ಬಿಡ್ತೀನಿ."

ಇತ್ತ ನಮ್ಮಕ್ಕನ ಡೇಟೂ ಶನಿವಾರಕ್ಕೆ ಮುಗೀತು. ಭಾನುವಾರ ಡಾಕ್ಟರು, "ಕಾಯಿರಿ, ಏನೂ ತೊಂದ್ರೆ ಇಲ್ಲ" ಅಂದ್ರು. ಅಪ್ಪ ಹಾಲ್‌ನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಓಡಾಡ್ತಾ ಇದ್ರು.

ಸೋಮವಾರ ಬೆಳಿಗ್ಗೆ ಮುಖ ಬಾಡಿಸ್ಕೊಂಡು ಬ್ಯಾಗ್ ಹೆಗಲಿಗೇರಿಸಿ ಹೊರಟೆ. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ರು. ಒಂದು ಕೈಯಲ್ಲಿ ಅವರ ಶೇವಿಂಗ್ ಬ್ಲೇಡು, ಇನ್ನೊಂದರಲ್ಲಿ ಆ ಪುಟ್ಟ ಕೌದಿ. ಅಕ್ಕ ಕೇಳಿಸ್ಕೊಂಡುಬಿಟ್ಟಾಳು ಅಂತ ಅಡುಗೆಮನೆ ಕಡೆ ಒಂದ್ಸಲ ನೋಡಿ, ದನಿ ತಗ್ಗಿಸಿ ಕೇಳಿದ್ರು:

"ಲೋ, ಇದರಲ್ಲಿ ಇನ್ನೂ ಮೂರು ಸೈಡು ಇದ್ಯಲ್ಲ..."

"ಅಪ್ಪ, ಕಾಲೇಜಿಗೆ ಲೇಟಾಗುತ್ತೆ."

"ಯಾವ ಕಾಲೇಜೋ? ಬಿಚ್ಚು ಮೊದ್ಲು!"