ಡಾಕ್ಟರ್ ಅಂಕಲ್ ಕೊಟ್ಟ ಮೂರು ರೈಫಲ್‌ಗಳು

ನಳಿಗೆ ಮುಟ್ಟಬಾರದು. ನಿಯಮ ಇಷ್ಟೇ, ಎರಡು ಪದ. ಇಷ್ಟು ಚಿಕ್ಕ ನಿಯಮವನ್ನು ಮುರಿಯಲು ವಿದ್ಯಾವಂತರಿಗೆ ಎಷ್ಟು ಕಾಲ ಬೇಕು ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪರದೇಶದಲ್ಲಿರುವ ನಮ್ಮ ಕನ್ನಡಿಗರ ಬೇಟೆ ಗುಂಪಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗದ ವರ್ಷ ನೆನಪಿಲ್ಲ.

ನಿಯಮ ಡರ್ಹಮ್‌ನ ಡಾಕ್ಟರ್ ಅಂಕಲ್ ಅವರದು. ಎಂಬತ್ತರ ಹತ್ತಿರದ ವಯಸ್ಸು. ಐವತ್ತು ವರ್ಷ ಹಗಲು ಹೃದಯ ನೋಡಿ, ರಜೆಯಲ್ಲಿ ಜಿಂಕೆ ಬೇಟೆಯಾಡಿದವರು. ಕೋವಿಡ್ ಮುಗಿಯುವ ಹೊತ್ತಿಗೆ ಅವರ ಮಂಡಿ ಕೈಕೊಟ್ಟಿತು. ತಮ್ಮ ಮೂರು ಹಳೆಯ ಬೋಲ್ಟ್ ರೈಫಲ್‌ಗಳನ್ನು ಕಾಗದಪತ್ರ ಸಮೇತ ಮೂವರಿಗೆ ಕೊಟ್ಟರು: ಷಾರ್ಲೆಟ್‌ನ ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ನೋಡುವವನಿಗೆ, ಸೆಂಟರ್‌ವಿಲ್‌ನ ಪ್ರಾಜೆಕ್ಟ್ ಮ್ಯಾನೇಜರಿಗೆ, ಮತ್ತು ನನಗೆ.

"ಎಣ್ಣೆ ಹಾಕಿ, ಗುಂಡು ಹಾರಿಸಿ, ಬೇಟೆಯಾಡಿ. ನಳಿಗೆ ಮಾತ್ರ ಮುಟ್ಟಬೇಡಿ" ಎಂದರು. ಮೂವರೂ "ಆಯ್ತು ಅಂಕಲ್" ಎಂದೆವು. ಡೈರಿಯಲ್ಲಿ ಬರೆದುಕೊಂಡವನು ನಾನೊಬ್ಬನೇ.

ಷಾರ್ಲೆಟ್‌ನವನ ಹುಬ್ಬು

ಮೊದಲು ಮುರಿದವನು ಷಾರ್ಲೆಟ್‌ನವನು. ನಳಿಗೆಯ ತೂತನ್ನೇ ಕೊರೆಸಿ ಅಗಲ ಮಾಡಿಸಿ, ಇನ್ನೂ ದಪ್ಪದ ಗುಂಡು ಹೋಗುವ ಹಾಗೆ ಮಾಡಿಸಿಕೊಂಡು ಶನಿವಾರ ಶೂಟಿಂಗ್ ರೇಂಜಿಗೆ ಬಂದ.

"ಯಾಕಪ್ಪಾ ಇದು?" ಎಂದೆ.

"ನಾಳೆ ಕರಡಿ ಬಂದ್ರೆ ಸರ್?"

"ನಿನ್ನ ಮನೆ ಇರೋದು ಬ್ಯಾಲಂಟೈನ್‌ನಲ್ಲಿ. ಗೇಟಿನ ಮುಂದೆ ಕಸದ ಡಬ್ಬ ಒಂದು ದಿನ ಹೆಚ್ಚು ಇದ್ರೆ ನೋಟಿಸ್ ಕಳಿಸೋ ಕಾಲೊನಿ ಅದು. ಕರಡಿ ಒಳಗೆ ಬಿಡ್ತಾರಾ?"

ಅವನು ಗುಂಡು ಹಾರಿಸಿದ. ರೈಫಲ್ ಹಿಂದಕ್ಕೆ ಒದೆಯಿತು. ಕಣ್ಣಿಗೆ ತೀರಾ ಹತ್ತಿರವಿದ್ದ ರೈಫಲ್ ಮೇಲಿನ ದುರ್ಬೀನಿನ ಅಂಚು ಹುಬ್ಬಿಗೆ ಬಡಿದು, ಅರ್ಧಚಂದ್ರದ ಆಕಾರದಲ್ಲಿ ರಕ್ತ ಬಂತು. ನಿಯಮ ಮುರಿದದ್ದಕ್ಕೆ ಶಿಕ್ಷೆ ಇಷ್ಟು ಬೇಗ ಸಿಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಸಮಾಧಾನವಾಯಿತು.

ಸಮಾಧಾನ ಎರಡು ನಿಮಿಷ ಉಳಿಯಿತು. ಕುರ್ಚಿಯಲ್ಲಿ ಕುಳಿತಿದ್ದ ಡಾಕ್ಟರ್ ಅಂಕಲ್ ಅವನನ್ನು ಕರೆದು, ಬೈಯುತ್ತಾರೆ ಎಂದು ನಾನು ಕಾಯುತ್ತಿರುವಾಗ, ತಾವೇ ಗಾಯ ಒರೆಸಿ ಬ್ಯಾಂಡೇಜ್ ಹಾಕಿದರು.

"ಎಷ್ಟು ಜೋರಾಗಿ ಒದೀತೋ?"

"ತುಂಬಾ ಅಂಕಲ್."

"ಹೌದಾ? ಎಲ್ಲಿ, ಒಂದ್ಸಲ ನನಗೆ ಕೊಡು."

ನಿಯಮ ಮಾಡಿದವರೇ ಕುಳಿತಲ್ಲಿಂದ ಒಂದು ಗುಂಡು ಹಾರಿಸಿ, ಭುಜ ಸವರಿಕೊಂಡು, "ಭೇಷ್" ಎಂದರು. ಮೂರು ವರ್ಷದಿಂದ ಗುಂಡಿನ ತೂತು ಬಿದ್ದ ನನ್ನ ಗುರಿ ಕಾಗದಗಳನ್ನು ದಿನಾಂಕ ಹಾಕಿ ಅವರಿಗೆ ತೋರಿಸುತ್ತಿದ್ದೇನೆ. ಅವಕ್ಕೆಲ್ಲ ಸಿಕ್ಕಿರುವುದು "ಪರವಾಗಿಲ್ಲ."

ಆ ದಿನ ಮನೆಗೆ ಬಂದು ಕನ್ನಡಿಯಲ್ಲಿ ನನ್ನ ಹುಬ್ಬು ನೋಡಿಕೊಂಡೆ. ಏನೂ ಇರಲಿಲ್ಲ.

ಫೇಸ್ ಟೂ

ಆ "ಭೇಷ್" ಸೆಂಟರ್‌ವಿಲ್‌ನವನ ಕಿವಿಗೂ ಬಿದ್ದಿತ್ತು. ಅವನು ಕೊರೆಸುವ ಗೋಜಿಗೇ ಹೋಗದೆ ನಳಿಗೆಯನ್ನೇ ಬದಲಾಯಿಸಿ, ಷಾರ್ಲೆಟ್‌ನವನಿಗಿಂತ ದೊಡ್ಡ, ಉದ್ದನೆಯ ಗುಂಡಿಗೆ ಹಾರಿದ. ಅದಕ್ಕೊಂದು ಎಕ್ಸೆಲ್ ಶೀಟ್: ಗುಂಡಿನ ತೂಕ, ವೇಗ, ಗಾಳಿ, ಭುಜಕ್ಕೆ ಬೀಳುವ ಪೆಟ್ಟು, ಎಲ್ಲ ಬಣ್ಣ ಬಣ್ಣದ ಕಾಲಮ್ಮುಗಳಲ್ಲಿ.

ಬಂದೂಕು ರಿಪೇರಿ ಮಾಡುವ ಮುದುಕ, ಅಂಕಲ್‌ಗೆ ಹಳೆಯ ಪರಿಚಯದವನು, ಶೀಟನ್ನು ಪೂರ್ತಿ ನೋಡಿ ಒಂದೇ ಮಾತು ಹೇಳಿದನಂತೆ: "ಈ ಗುಂಡು ನಿಮ್ಮ ರೈಫಲ್ಲಿನ ಗುಂಡು ತುಂಬೋ ಮ್ಯಾಗಜಿನ್‌ಗಿಂತ ಉದ್ದ. ಅದರೊಳಗೆ ಹಿಡಿಯೋದಿಲ್ಲ. ಅದನ್ನೂ ಉದ್ದ ಮಾಡ್ಬೇಕು."

"ಅದು ಫೇಸ್ ಟೂನಲ್ಲಿ ಮಾಡೋಣ" ಎಂದು ಎರಡನೇ ಹಂತಕ್ಕೆ ತಳ್ಳಿದ ನಮ್ಮವನು.

ಹಾಗಾಗಿ ಒಂದೊಂದೇ ಗುಂಡನ್ನು ಕೈಯಿಂದ ಹಾಕಬೇಕಾಯಿತು. ಬೇಟೆಯ ದಿನ ಮೊದಲನೆಯದು ತಪ್ಪಿತು. ಜಿಂಕೆ ಹತ್ತು ಹೆಜ್ಜೆ ಓಡಿ, ನಿಂತು, ತಿರುಗಿ ನೋಡಿತು. ಇವನು ಎರಡನೆಯದಕ್ಕೆ ಜೇಬಿಗೆ ಕೈ ಹಾಕಿದರೆ ಕಾರಿನ ಕೀ ಬಂತು, ಆಮೇಲೆ ಏರ್‌ಪಾಡ್ಸ್, ಆಮೇಲೆ ಹೆಂಡತಿ ಕಟ್ಟಿಕೊಟ್ಟ ಕೋಡುಬಳೆ. ಜಿಂಕೆ ಕೋಡುಬಳೆಯವರೆಗೆ ಕಾದು ಹೋಯಿತು.

"ಫೇಸ್ ಟೂ ಯಾವಾಗಪ್ಪಾ?" ಎಂದು ಕೇಳಿದೆ.

"ರಿಕ್ವೈರ್‌ಮೆಂಟ್ಸ್ ಇನ್ನೂ ಫೈನಲ್ ಆಗಿಲ್ಲ ಸರ್."

ಡಾಕ್ಟರ್ ಅಂಕಲ್ ಈ ಕತೆಯನ್ನು ಎರಡು ಸಲ ಹೇಳಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅವನ ಭುಜದ ಮೇಲೆ ಕೈ ಹಾಕಿಕೊಂಡೇ ಊಟಕ್ಕೆ ನಡೆದರು. ಅದೇ ದಿನ ನಾನು ಒಂದೇ ಗುಂಡಿಗೆ ಜಿಂಕೆ ಹೊಡೆದಿದ್ದೆ. ಯಾರೂ ಒಂದು ಸಲವೂ ಹೇಳಿಸಲಿಲ್ಲ.

ಮೂರನೇ ಅಂಶ

ಮಾರನೇ ವಾರ ಆ ಮುದುಕನ ಅಂಗಡಿಗೇ ಹೋದೆ. ಡರ್ಹಮ್‌ನಿಂದ ಒಂದು ಗಂಟೆಯ ದಾರಿ. ಗೋಡೆಯ ಮೇಲೆ ಸೆಂಟರ್‌ವಿಲ್‌ನವನ ಹಳೆಯ ನಳಿಗೆ ತೂಗುತ್ತಿತ್ತು.

"ಡಾಕ್ಟರ ನಿಯಮ ನಿಮಗೆ ಗೊತ್ತಿರಲಿಲ್ವಾ?" ಎಂದು ಕೇಳಿದೆ.

"ಗೊತ್ತಿತ್ತು. ರೈಫಲ್ ತಂದವರದು, ಭುಜವೂ ತಂದವರದು" ಎಂದ. "ಮುಂದಿನ ಬೇಟೆ ಸೀಸನ್ ಒಳಗೆ ನಿಮ್ಮ ರೈಫಲ್ಲೂ ಇಲ್ಲಿಗೆ ಬರುತ್ತೆ."

ಈ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅವನ ಪ್ಯಾಡಿನ ಹಾಳೆ ಎಳೆದುಕೊಂಡು, ಅಲ್ಲೇ ನಿಂತು, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, ನನ್ನ ನಳಿಗೆ ಮುಟ್ಟಬಾರದೆಂದು ಅಂಕಿ ಹಾಕಿ ಮೂರು ಅಂಶ ಬರೆದು, ಸಹಿ ಮಾಡಿ ಕೊಟ್ಟೆ. ಅವನು ಓದಿ ಡ್ರಾಯರಿನಲ್ಲಿಟ್ಟ.

ಆಮೇಲೆ ಎಂಟು ತಿಂಗಳು ಪ್ರತಿ ಶನಿವಾರ ರೇಂಜಿನಲ್ಲಿ ಅವರಿಬ್ಬರ ರೈಫಲ್‌ಗಳು ಗುಡುಗುತ್ತಿದ್ದವು. ಅಂಕಲ್ ಕುರ್ಚಿ ಅವರ ಕಡೆಗೇ ತಿರುಗಿರುತ್ತಿತ್ತು. ನನ್ನ ರೈಫಲ್ ಪಕ್ಕದಲ್ಲಿ ಸಭ್ಯವಾಗಿ ಕೆಮ್ಮುತ್ತಿತ್ತು.

ಮನೆಯಲ್ಲಿ ಹೆಂಡತಿ ಹೇಳಿದಳು, "ನಿಮಗೆ ದೊಡ್ಡ ಗುಂಡೂ ಬೇಡ, ಏನೂ ಬೇಡ. ಆ ಅಂಕಲ್ ಕೈಯಿಂದ ಬ್ಯಾಂಡೇಜ್ ಹಾಕಿಸ್ಕೋಬೇಕು, ಅಷ್ಟೇ ತಾನೇ? ಅಡುಗೆಮನೆ ಕಪಾಟಿಗೆ ತಲೆ ಹೊಡ್ಕೊಳ್ಳಿ, ನಾನೇ ಕರ್ಕೊಂಡು ಹೋಗ್ತೀನಿ."

ಮಂಗಳವಾರ ರಜೆ ಹಾಕಿ, ರೈಫಲನ್ನು ಕಾರಿನಲ್ಲಿಟ್ಟುಕೊಂಡು ಮುದುಕನ ಅಂಗಡಿಗೆ ಹೋದೆ. ನನ್ನ ವಿಷಯ ಬೇರೆ ಎನ್ನುವುದಕ್ಕೆ ನಾಲ್ಕು ಒಳ್ಳೆಯ ಕಾರಣಗಳನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಅಭ್ಯಾಸ ಮಾಡಿದ್ದೆ.

ಮುದುಕ ನಾಲ್ಕನ್ನೂ ಕೇಳಿದ. ಆಮೇಲೆ ಡ್ರಾಯರ್ ಎಳೆದು ಹಾಳೆ ತೆಗೆದ.

"ಈ ಸಹಿ ನಿಮ್ಮದಾ?"

"ನನ್ನದೇ. ಅದನ್ನ ರದ್ದು ಮಾಡೋದಕ್ಕೇ ಬಂದಿದೀನಿ."

"ಮೂರನೇದು ಓದಿ."

ಓದಿದೆ. ನನ್ನದೇ ಅಕ್ಷರ, ದುಂಡಗೆ, ಕೆಳಗೆ ಗೆರೆ ಬೇರೆ ಎಳೆದಿದ್ದೆ: "ನಾನೇ ಖುದ್ದಾಗಿ ಬಂದು, ಎಷ್ಟೇ ಒಳ್ಳೆಯ ಕಾರಣ ಕೊಟ್ಟರೂ, ಒಪ್ಪತಕ್ಕದ್ದಲ್ಲ."

"ಈ ಅಂಗಡಿಗೆ ಬಂದ ಕಾಗದಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ" ಎಂದು ಅವನು ನನ್ನ ರೈಫಲಿನ ಪೆಟ್ಟಿಗೆ ಮುಚ್ಚಿ, ಎರಡೂ ಚಿಲಕ ಹಾಕಿ, ನನ್ನ ಕಡೆಗೆ ತಳ್ಳಿದ.

"ಸರಿ, ಆ ಹಾಳೆನಾದ್ರೂ ವಾಪಸ್ ಕೊಡಿ" ಎಂದೆ. "ಶನಿವಾರ ಷಾರ್ಲೆಟ್‌ನವನು ದುರ್ಬೀನು ಬದಲಾಯಿಸೋಕೆ ಇಲ್ಲಿಗೆ ಬರ್ತಿದಾನೆ. ಡಾಕ್ಟರ್ ಅಂಕಲ್‌ನೂ ಕರ್ಕೊಂಡು ಬರ್ತಾನೆ. ಅವರ ಕಣ್ಣಿಗೆ ಇದು ಬೀಳಬಾರದು."

"ಗೊತ್ತು" ಎಂದ ಮುದುಕ. ಒಂದು ಪಿನ್ನು ಹುಡುಕಿ, ಗೋಡೆಯ ಮೇಲೆ ಆ ಹಳೆಯ ನಳಿಗೆಯ ಪಕ್ಕದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಎತ್ತರದಲ್ಲಿ ಹಾಳೆಯನ್ನು ಚುಚ್ಚಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಹತ್ತಿರ ಹೋಗಿ, ಎಡಗಡೆಯ ಮೂಲೆಯನ್ನು ಒಂದಿಷ್ಟು ಎತ್ತಿ ನೇರ ಮಾಡಿದ.