ಸದ್ದು ಮಾಡದ ಕೇಪು

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಕೊಟ್ಟ ಕೇಪಿನ ಬಂದೂಕುಗಳಿಗೆಲ್ಲ ಇನ್ನು ಮುಂದೆ ಒಂದೇ ಜಾತಿಯ ಕೇಪು ಬಳಸತಕ್ಕದ್ದೆಂದು ೧೯೭೬ರ ಶ್ರಾವಣದಲ್ಲಿ ‘ನಾಲ್ಕು ತಾಲೂಕುಗಳ ಬೆಳೆಗಾವಲು ಬಂದೂಕು ಕಚೇರಿ’ ಆಜ್ಞೆ ಹೊರಡಿಸಿತು. ಯಾವ ಜಾತಿಯ ಕೇಪು ಎಂಬುದನ್ನು ಆಜ್ಞೆಯಲ್ಲಿ ಹೇಳಿರಲಿಲ್ಲ. ಅದನ್ನು ಗೊತ್ತುಮಾಡಲು ಸಮಿತಿಯೊಂದು ನೇಮಕವಾಗುವುದೆಂದೂ, ಅಲ್ಲಿಯವರೆಗೆ ಯಾವ ಕೇಪನ್ನೂ ಮಾರಕೂಡದೆಂದೂ, ಕಾಡುಹಂದಿಗಳ ಹಾವಳಿ ಇದ್ದವರು ಸಹಕರಿಸಬೇಕೆಂದೂ ಹೇಳಿತ್ತು.

ಆಲಮೇಲದ ಹತ್ತಿರ ಭೀಮೆಯ ದಂಡೆಗೆ ಕಬ್ಬು ಹಚ್ಚಿದ್ದ ಮಾಳಿಂಗಪ್ಪನಿಗೆ ಈ ಸುದ್ದಿ ತಿಳಿದದ್ದು ಸಿಂದಗಿಯ ಮಲಿಕಸಾಬನ ಮದ್ದುಗುಂಡಿನ ಅಂಗಡಿಯಲ್ಲಿ. ಮಾಳಿಂಗಪ್ಪನದು ಅಪ್ಪನ ಕಾಲದ ಬಂದೂಕು. ನಳಿಗೆಯ ಬಾಯಿಂದ ಮದ್ದು, ಛರ್ರೆಯ ಸಣ್ಣ ಗುಂಡು ಸುರಿದು ಗಜದ ಸಲಾಕೆಯಿಂದ ಜಡಿದು, ಹಿಂದಿನ ತುದಿಗೆ ತಾಮ್ರದ ಕೇಪನ್ನು ಸಣ್ಣ ಟೊಪ್ಪಿಗೆಯಂತೆ ತೊಡಿಸಬೇಕು. ಕುದುರೆ ಎಂಬ ಸಣ್ಣ ಸುತ್ತಿಗೆ ಬಂದು ಬಡಿದರೆ ಕೇಪಿನ ಕಿಡಿ ಒಳಗೆ ಹೋಗಿ ಬಾರು ಹಾರುತ್ತದೆ. ಟೊಪ್ಪಿಗೆ ಸಡಿಲಾದರೆ ಉದುರುತ್ತದೆ, ಬಿಗಿಯಾದರೆ ಕೂಡುವುದೇ ಇಲ್ಲ, ತಂಪು ಹಿಡಿದಿದ್ದರೆ ಟಿಕ್ ಎಂದು ಸುಮ್ಮನಾಗುತ್ತದೆ. ಮಾಳಿಂಗಪ್ಪನ ಬಂದೂಕಿಗೆ ಸರಿಹೊಂದುವ ಕೇಪು ಮಲಿಕಸಾಬನ ಕಪಾಟಿನಲ್ಲೇ ಡಬ್ಬಿಗಟ್ಟಲೆ ಇತ್ತು.

“ಕಣ್ಣೀಲೆ ನೋಡು, ಕೈ ಮಾತ್ರ ಹಚ್ಚಬ್ಯಾಡ,” ಎಂದ ಮಲಿಕಸಾಬ. “ಕೊಟ್ಟೆ ಅಂದ್ರ ನನ್ನ ಅಂಗಡಿಗೆ ಕೀಲಿ ಬೀಳತೈತಿ.”

“ಹಂದಿ ನಮ್ಮ ಆಳು ಕಾಳಪ್ಪನ ತೊಡಿ ಹರದೈತೋ ಮಾರಾಯ. ಹೊಲಾ ಕಾಯಾಕ ಹೋದ ಮನಿಷಾ ಹಾಸಿಗಿ ಹಿಡದಾನ.”

“ಹಂಗಾದ್ರ ಕಚೇರಿಗೆ ಹೋಗಿ ಹೇಳು. ಹಂದಿಗೆ ಆಜ್ಞಾ ಮುಟ್ಟಿಲ್ಲಂತ ಕಾಣತೈತಿ.”

ಸಿಂದಗಿಯಲ್ಲೇ ಇದ್ದ ಕಚೇರಿಯಲ್ಲಿ ವಿಭಾಗಾಧಿಕಾರಿಗಳು ಮಾಳಿಂಗಪ್ಪನ ಮಾತನ್ನು ಬಹಳ ಕಾಳಜಿಯಿಂದ ಕೇಳಿಕೊಂಡರು.

“ಹಂದಿ ದಿನಾ ಬರ್ತಾವೇನು?”

“ಬರ್ತಾವ್ರಿ ಸಾಹೇಬ್ರ. ಹೊತ್ತು ಮುಳುಗೂದ ತಡಾ ಇಲ್ರಿ.”

“ಚಲೋ ಆತು. ಕೇಪಿನ ಪರೀಕ್ಷಾ ನಿನ್ನ ಹೊಲದಾಗ ಇಟ್ಕೊಳ್ಳೋಣು. ಊಟದ್ದು ನೀನ ನೋಡ್ಕೊ.”

ಸಮಿತಿಗೆ ಸಾಹೇಬರು ತಾವೇ ಅಧ್ಯಕ್ಷರಾದರು, ಗುಮಾಸ್ತ ಸೋಮನಿಂಗ ಕಾರ್ಯದರ್ಶಿಯಾದ. ತಜ್ಞರ ಜಾಗಕ್ಕೆ ಸಾಹೇಬರ ಹೆಂಡತಿಯ ತಮ್ಮ ಬಂದ. ಮನಗೂಳಿಯಲ್ಲಿ ಪಟಾಕಿ ವ್ಯಾಪಾರ ಮಾಡುತ್ತಿದ್ದ ಈತ ಎಲ್ಲಿಂದಲೋ ತರಿಸಿದ್ದ ಕೇಪಿನ ಪೆಟ್ಟಿಗೆಗಳು ಹೋದ ಮಳೆಗಾಲದಲ್ಲಿ ಗೋದಾಮಿಗೆ ನೀರು ಹೊಕ್ಕು ಪೂರಾ ತೊಯ್ದಿದ್ದವು. ತೊಯ್ದ ಕೇಪಿನ ವಿಷಯದಲ್ಲಿ ಇಷ್ಟು ಅನುಭವ ಉಳ್ಳವರು ನಾಲ್ಕೂ ತಾಲೂಕಿನಲ್ಲಿ ಇನ್ನೊಬ್ಬರು ಸಿಗದ ಕಾರಣ ಆಯ್ಕೆ ಅವಿರೋಧವಾಗಿ ನಡೆಯಿತು.

ಗೊತ್ತಾದ ದಿನ ಸಂಜೆ ಜೀಪು ಬಂತು. ಮಾಳಿಂಗಪ್ಪನ ಹೆಂಡತಿ ರೇವವ್ವ ರೊಟ್ಟಿ ಬಡಿದು, ಮೊಟ್ಟೆ ಇಡುತ್ತಿದ್ದ ಕೋಳಿಯನ್ನೇ ಕೊಯ್ದು ಅಡಿಗೆ ಮಾಡಿದ್ದಳು. ಊಟ ಮುಗಿದು ಸಾಹೇಬರು ಚಹಾದ ಬಟ್ಟಲು ಹಿಡಿಯುವ ಹೊತ್ತಿಗೆ ಹಂದಿಗಳು ಕಬ್ಬಿಗೆ ಹೊಕ್ಕವು. ಮೊದಲು ಮಲಿಕಸಾಬನ ಕಪಾಟಿನಿಂದ ತರಿಸಿದ ಕೇಪು. ಮಾಳಿಂಗಪ್ಪ ಅದನ್ನು ತೊಡಿಸಿ ಕುದುರೆ ಬಿಟ್ಟ. ಹೊಲವೆಲ್ಲ ಅದುರುವಂತೆ ಬಾರು ಹಾರಿತು. ಹಂದಿಗಳು ಬಿದ್ದು ಎದ್ದು ಹೊಳೆಯ ಕಡೆ ಓಡಿದವು. ಸಾಹೇಬರ ಚಹಾ ಸಾಹೇಬರ ಪ್ಯಾಂಟಿನ ಮೇಲಾಯಿತು.

ಸೋಮನಿಂಗ ಬರೆದುಕೊಂಡ: “ಸದ್ದು: ಆಕ್ಷೇಪಾರ್ಹ. ಹೊಗೆ: ಕಣ್ಣಿಗೆ ಹತ್ತಿತು. ಪ್ರಾಣಿಗಳಿಗೂ ಅಧ್ಯಕ್ಷರಿಗೂ ಗಾಬರಿ.”

ಹಂದಿಗಳು ತಿರುಗಿ ಬರುವ ತನಕ ಸಮಿತಿ ಎರಡನೆಯ ಚಹಾ ಕುಡಿಯಿತು. ಆಮೇಲೆ ತಜ್ಞನ ಕೇಪು. ಅದು ಸಡಿಲಾಗಿದ್ದರಿಂದ ಮೇಣ ಮೆತ್ತಿ ಕೂಡಿಸಿದರು. ಕುದುರೆ ಬಿತ್ತು. ಟಿಕ್ ಎಂದಿತು. ಮರಿಗಳ ಸಂಗಡ ಬಂದಿದ್ದ ಹೆಣ್ಣುಹಂದಿಯೊಂದು ತಲೆ ಎತ್ತಿ ಸಮಿತಿಯನ್ನು ನೋಡಿ ಮತ್ತೆ ಮೇಯತೊಡಗಿತು.

“ಸದ್ದು: ಇಲ್ಲ. ಹೊಗೆ: ಇಲ್ಲ. ಅಪಘಾತ: ಇಲ್ಲ.”

ತಜ್ಞನ ಕೇಪು ಅಲ್ಲಿಯೇ ಮಂಜೂರಾಯಿತು. ಮರಳುವ ಹಾದಿಯಲ್ಲಿ ಮಲಿಕಸಾಬನ ಡಬ್ಬಿಗಳನ್ನು ಅಪಾಯಕಾರಿ ಎಂದು ಜಪ್ತಿ ಮಾಡಿ ಜೀಪಿನಲ್ಲಿ ಹಾಕಿಕೊಂಡರು. ಮುಂದೆ ಸಾಹೇಬರು ರಜೆಯ ದಿನಗಳಲ್ಲಿ ಗೊಳಸಂಗಿಯ ಕಡೆ ಹೋಗಿ ಅವುಗಳನ್ನು ಕೌಜುಗದ ಮೇಲೆ ಪರೀಕ್ಷಿಸುತ್ತ, ಅವು ಎಷ್ಟು ಅಪಾಯಕಾರಿ ಎಂಬುದನ್ನು ಮನೆಮಂದಿಗೆಲ್ಲ ಸಾರಿನಲ್ಲಿ ಖಾತ್ರಿ ಮಾಡಿಕೊಟ್ಟರು.

ಮಾಳಿಂಗಪ್ಪ ಮನಗೂಳಿಯ ತಜ್ಞನ ಅಂಗಡಿಯಲ್ಲಿ ಮಂಜೂರಾದ ಕೇಪು ಕೊಂಡು ಹೊಲಕ್ಕೆ ಹೋದ. ಎಷ್ಟು ಸಲ ಕುದುರೆ ಬಿಟ್ಟರೂ ಟಿಕ್ ಎನ್ನುವುದರ ಆಚೆ ಏನೂ ಆಗಲಿಲ್ಲ. ಅರ್ಧ ಕಬ್ಬು ನೆಲಕ್ಕೆ ಮಲಗಿತ್ತು. ಸಿಟ್ಟಿನಿಂದ ಮತ್ತೆ ಕಚೇರಿ ಹತ್ತಿದ.

“ಸಾಹೇಬ್ರ, ಇದು ಹಾರೂದುಲ್ರಿ.”

“ಹಾರಬೇಕಂತ ಯಾರು ಹೇಳ್ಯಾರು?”

“ಹಂದಿ ಓಡಬೇಕಲ್ರಿ.”

“ಹಂದಿ ಓಡೂದು ಸದ್ದಿಗೆ ಹೌದಲ್ಲೊ? ಹಂಗ ಅನ್ನು. ಅದಕ್ಕ ವ್ಯವಸ್ಥಾ ಮಾಡೋಣು.”

ವಾರದೊಳಗೆ ಡಂಗುರ ಹೊಡೆಸಿ ಸಾರಿದರು: “ಮಂಜೂರಾದ ಕೇಪು ಸಿಡಿಯದ ಪಕ್ಷದಲ್ಲಿ ಪರವಾನಗಿದಾರನು ಬಂದೂಕನ್ನು ಯಥಾವಿಧಿ ಹಂದಿಯತ್ತ ಹಿಡಿದು, ಕುದುರೆ ಬಿಟ್ಟ ಕೂಡಲೇ, ಸ್ವಂತ ಬಾಯಿಯಿಂದ ‘ಢಂ’ ಎಂದು ಉಚ್ಚರಿಸತಕ್ಕದ್ದು. ಕೇಪು ಕೊಳ್ಳದೆ ಉಚ್ಚರಿಸುವುದು ಅಪರಾಧ.”

ಮೊದಲ ದಿನ ಮಾಳಿಂಗಪ್ಪನಿಗೆ ನಾಚಿಕೆಯಾಯಿತು. ಆಚೀಚೆಯ ಹೊಲಗಳಿಂದಲೂ ‘ಢಂ’ ‘ಢಂ’ ಎಂದು ಕೇಳಿಬಂದಾಗ ಧೈರ್ಯ ಬಂದು ತಾನೂ ಕೂಗಿದ. ಹಂದಿಗಳು ನಾಲ್ಕು ಹೆಜ್ಜೆ ಹಿಂದೆ ಸರಿದವು. ನಾಲ್ಕಾರು ದಿನಗಳಲ್ಲಿ ಅವಕ್ಕೆ ಅದು ರೂಢಿಯಾಗಿ, ಅವನ ಗಂಟಲು ಮಾತ್ರ ಕಟ್ಟಿತು. ಆ ಸಂಜೆ ರೇವವ್ವ ಬಂದೂಕು ಕಸಿದುಕೊಂಡಳು.

“ಸರೀರಿ ಅತ್ಲಾಗ. ಕಬ್ಬು ಹೋದ ಮ್ಯಾಲೆ ನಿಮ್ಮ ನಾಚಿಕಿ ಕಟಗೊಂಡು ಏನ್ ಮಾಡ್ಲಿ?”

ಅವಳ ‘ಢಂ’ ಹೊಳೆಯಾಚೆಗೂ ಕೇಳಿಸಿತು. ಹಂದಿಗಳು ಹೋದ ಹಾದಿ ತಿರುಗಿ ನೋಡಲಿಲ್ಲ. ಎರಡು ದಿನ ಕಬ್ಬು ಉಳಿಯಿತು. ಮೂರನೆಯ ದಿನ, ಪರವಾನಗಿ ಇಲ್ಲದೆ ಸ್ಫೋಟ ಮಾಡಿದ ಬಗ್ಗೆ ರೇವವ್ವನಿಗೆ ನೋಟೀಸು ಬಂತು.

ಗಂಡ ಹೆಂಡತಿ ಇಬ್ಬರೂ ಕಚೇರಿಯಲ್ಲಿ ಕೈಕಟ್ಟಿ ನಿಂತರು.

“ನೀ ಒದರಿದ್ದು ಖರೇ ಏನವಾ?”

“ಖರೇರಿ. ಇವರ ದನಿ ಕುಂತಿತ್ರಿ.”

“ಹೆಂಗ ಒದರಿದಿ, ಒಮ್ಮೆ ತೋರಸು.”

ರೇವವ್ವ ತೋರಿಸಿದಳು. ಸೋಮನಿಂಗನ ಕೈಯಿಂದ ಮಸಿದವತಿ ಜಾರಿತು. ಸಾಹೇಬರು ಕುರ್ಚಿಯ ಹಿಡಿಕೆ ಬಿಗಿಹಿಡಿದು ಕೆಲಹೊತ್ತು ಸುಧಾರಿಸಿಕೊಂಡರು. ಆಮೇಲೆ ದಯೆ ತೋರಿ ತೀರ್ಪು ಕೊಟ್ಟರು. ಶಿಕ್ಷೆ ಮನ್ನಾ. ರೇವವ್ವನ ಬಾಯಿಯನ್ನು ಗಂಡನ ಪರವಾನಗಿಯಲ್ಲಿ ಸೇರಿಸಲಾಗಿದೆ. ಆದರೆ ಯಾವ ಜೀವಿಯೂ ಬೆಚ್ಚದ ಹಾಗೆ ಮೆಲ್ಲಗೆ ಉಚ್ಚರಿಸತಕ್ಕದ್ದು, ಮತ್ತು ಬಾಯಿಗೊಂದರಂತೆ ಕೇಪಿನ ಡಬ್ಬಿ ಕೊಳ್ಳತಕ್ಕದ್ದು.

ನೋಟೀಸಿನ ಕಾಟ ತಪ್ಪಿದ್ದಕ್ಕೆ ಮಾಳಿಂಗಪ್ಪನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಹೊತ್ತು ಮುಳುಗುವಾಗ ಗಂಡ ಹೆಂಡತಿ ಬದುವಿನ ಮೇಲೆ ಜೊತೆಯಾಗಿ ನಿಂತು, ಪಿಸುದನಿಯಲ್ಲಿ ‘ಢಂ’ ಎಂದು ಮನೆಗೆ ಬರತೊಡಗಿದರು. ಹಂದಿಗಳು ಸಾವಕಾಶವಾಗಿ ಊಟ ಮಾಡಿದವು. ಒಂದು ಮನೆಗೆ ಎರಡು ಬಾಯಿ ಮಂಜೂರಾದ ಸುದ್ದಿ ಹಬ್ಬಿ, ಆಚೀಚೆಯ ರೈತರು ಹೆಂಡಂದಿರನ್ನು ಕರೆದುಕೊಂಡು ಸಿಂದಗಿಯ ಬಸ್ಸು ಹತ್ತಲು ಬಂದಾಗ ಮಾಳಿಂಗಪ್ಪ ಅವರನ್ನು ತಡೆದು ತಿಳಿವಳಿಕೆ ಹೇಳಿದ:

“ಮದ್ಲ ಮನಗೂಳಿಗೆ ಹೋಗಿ ಕೇಪು ತಗೋರಿ. ಕೇಪು ತೋರಿಸದ ಹೊರತು ಸಾಹೇಬ್ರು ಬಾಯಿ ಮಂಜೂರ ಮಾಡೂದುಲ್ಲ.”